ಅಲಾರಾಂ ಮೀಮಾಂಸೆ

ಶಾಲಾ ವಿಜ್ಞಾನ ಮೇಳದ ಮಾದರಿಗಳನ್ನು ವರ್ಗೀಕರಿಸಲು ಹೊರಟವರಿಗೆ ಎರಡೇ ವರ್ಗಗಳು ಸಾಕು: ಮೇಜನ್ನು ಹಾಳುಮಾಡುವ ಜ್ವಾಲಾಮುಖಿಗಳು ಮತ್ತು ಕಿವಿಯನ್ನು ಹಾಳುಮಾಡುವ ಅಲಾರಾಂಗಳು. ಸಿ. ವಿ. ರಾಮನ್ನರು 1928ರಲ್ಲಿ ಪ್ರಕಟಿಸಿದ ಸಂಶೋಧನೆಯ ಸ್ಮರಣಾರ್ಥ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸಲಾಗುತ್ತದೆಯಾದರೂ, ನವಿ ಮುಂಬಯಿಯ ಸೀವುಡ್ಸ್‌ನ ಕನ್ನಡದ ಮನೆಗಳಲ್ಲಿ ವಿಜ್ಞಾನವು ಪರಾಕಾಷ್ಠೆಗೆ ಏರುವುದು ಅದರ ಹಿಂದಿನ ರಾತ್ರಿ, ಹಾರ್ಬರ್ ಲೈನಿನ ಲೋಕಲ್ ಇಳಿದು ಬಂದ ತಂದೆಯು ಕೈಕಾಲು ತೊಳೆಯುವ ಮೊದಲೇ ಬೆಸುಗೆ ಕಡ್ಡಿ ಹಿಡಿಯಬೇಕಾದಾಗ.

ಈ ಪರಂಪರೆಯ ಅಗ್ರಗಣ್ಯ ಕೃತಿ ನೀರಿನ ಟಾಂಕಿಯ ಅಲಾರಾಂ. ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಬಝರ್, ಎರಡು ತಂತಿ ಮತ್ತು ಒಂದು ಟ್ರಾನ್ಸಿಸ್ಟರ್, ಅಂದರೆ ಸಣ್ಣ ವಿದ್ಯುತ್‌ಪ್ರವಾಹದ ಸನ್ನೆಗೆ ದೊಡ್ಡ ಪ್ರವಾಹವನ್ನು ಬಿಟ್ಟುಕೊಡುವ ಮೂರು ಕಾಲಿನ ಬಿಡಿಭಾಗ, ಇಷ್ಟೇ ಅದರ ಸಾಮಗ್ರಿ. ನೀರು ಏರಿ ತಂತಿಗಳ ತುದಿಯನ್ನು ಮುಟ್ಟಿದೊಡನೆ ಅದರಲ್ಲಿ ಕರಗಿರುವ ಲವಣಗಳ ಮೂಲಕ ಪ್ರವಾಹ ಹರಿದು ಬಝರ್ ಅರಚುತ್ತದೆ. ಮೂರು ಕಾಲುಗಳಲ್ಲಿ ಯಾವುದು ಯಾವುದೆಂಬ ವಿಷಯದಲ್ಲಿ ತಂದೆಗೂ ಆರನೆಯ ತರಗತಿಯ ಮಗಳಿಗೂ ಭಿನ್ನಾಭಿಪ್ರಾಯ ತಲೆದೋರಿ, ತಂದೆಯ ಅಭಿಪ್ರಾಯದಂತೆ ನಡೆದುಕೊಂಡ ಟ್ರಾನ್ಸಿಸ್ಟರ್ ಸುಟ್ಟುಹೋಗುವುದೂ ಉಂಟು. ಆಗ ತಂತಿಗಳನ್ನು ನೇರವಾಗಿ ಜೋಡಿಸಿದರೆ ನಲ್ಲಿಯ ನೀರಿಗೆ ಬಝರ್ ಬರಿದೆ ನರಳುತ್ತದೆ. ಊಟದ ಡಬ್ಬಿಯ ಉಪ್ಪಿನಕಾಯಿ ರಸವನ್ನು ಲೋಟಕ್ಕೆ ಬೆರೆಸಿ ಮಾನ ಕಾಯ್ದುಕೊಳ್ಳುವ ವಿದ್ಯೆ ಪಠ್ಯಪುಸ್ತಕದಲ್ಲಿಲ್ಲದಿದ್ದರೂ, ಉಪ್ಪು ನೀರಿನ ವಾಹಕತೆಯನ್ನು ಹೆಚ್ಚಿಸುತ್ತದೆಂಬ ತತ್ತ್ವಕ್ಕೆ ಸಂಪೂರ್ಣ ಬದ್ಧವಾಗಿದೆ.

ಎರಡನೆಯದು ಕಳ್ಳರ ಅಲಾರಾಂ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಎರಡು ದವಡೆಗಳಿಗೂ ಡ್ರಾಯಿಂಗ್ ಪಿನ್ ಚುಚ್ಚಿ, ನಡುವೆ ರಟ್ಟಿನ ತುಂಡನ್ನು, ಅಂದರೆ ವಿದ್ಯುತ್ತನ್ನು ಹಾಯಗೊಡದ ಅವಾಹಕವನ್ನು, ಸಿಕ್ಕಿಸಿ, ಅದರ ದಾರವನ್ನು ಬಾಗಿಲಿಗೆ ಕಟ್ಟಲಾಗುತ್ತದೆ. ಬಾಗಿಲು ತೆರೆದರೆ ರಟ್ಟು ಜಾರಿ, ಪಿನ್ನುಗಳು ಕೂಡಿ, ಗಂಟೆ ಬಾರಿಸುತ್ತದೆ. ಬಾಗಿಲು ತೆರೆದಾಗ ವಿದ್ಯುತ್ ಮಂಡಲ ಕೂಡಿಕೊಳ್ಳುವ ಇದೇ ಉಪಾಯಕ್ಕೆ ಅಮೆರಿಕದ ಅಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದಿದ್ದನು. ಗೇಟಿನಲ್ಲಿ ವಾಚ್‌ಮನ್, ಲಿಫ್ಟಿನಲ್ಲಿ ಕ್ಯಾಮೆರಾ ಇರುವ ಹೌಸಿಂಗ್ ಸೊಸೈಟಿಯ ಹನ್ನೊಂದನೆಯ ಮಹಡಿಗೆ ಕಳ್ಳನು ಬರುವುದು ಅಪರೂಪವಾದ್ದರಿಂದ, ಈ ಯಂತ್ರಕ್ಕೆ ನಿಯಮಿತವಾಗಿ ಸಿಕ್ಕಿಬೀಳುವವರು ಹಾಲಿನವನು, ಇಸ್ತ್ರಿಯವನು ಮತ್ತು ಫ್ರಿಜ್ಜಿನ ಬಾಗಿಲಿಗೂ ಅದನ್ನು ಕಟ್ಟಿರುವುದನ್ನು ಅರಿಯದ ಅಜ್ಜ.

ಮೂರನೆಯದು ಮಳೆಯ ಅಲಾರಾಂ. ಪಕ್ಕಪಕ್ಕದಲ್ಲಿ ಅಂಟಿಸಿದ ಎರಡು ಅಲ್ಯೂಮಿನಿಯಂ ಹಾಳೆಗಳ ಮೇಲೆ ಹನಿ ಬಿದ್ದರೆ ಬಝರ್ ಕೂಗಿ, ಬಾಲ್ಕನಿಯ ಬಟ್ಟೆಗಳನ್ನು ಎತ್ತಿಕೊಳ್ಳುವಂತೆ ಎಚ್ಚರಿಸಬೇಕೆಂಬುದು ಅದರ ಉದ್ದೇಶ. ಆದರೆ ಫ್ಲೆಮಿಂಗೊಗಳಿಗೆ ಪ್ರಿಯವಾದ ಖಾರಿಯ ದಂಡೆಯಲ್ಲಿರುವ ಸೀವುಡ್ಸ್‌ಗೆ ಜೂನ್ ತಿಂಗಳಲ್ಲಿ ಮಳೆಯೆಂಬುದು ಸುದ್ದಿಯೇ ಅಲ್ಲ. ಮುಂಗಾರು ಹಿಡಿದ ಮೇಲೆ ಆ ಯಂತ್ರವು ತಿಳಿಸಬೇಕಾದದ್ದು ಮಳೆ ನಿಂತ ವಾರ್ತೆಯನ್ನು.

ಇಂತಹ ಯಂತ್ರಗಳಿಗಿಂತ ಒಂದು ಮೆಟ್ಟಿಲು ಮೇಲಿನ ಚಿಂತನೆಯೂ ಮಹಾರಾಷ್ಟ್ರದ ನೆಲದಲ್ಲೇ, ಕನ್ನಡನಾಡಿನ ಎಂಜಿನಿಯರರಿಂದಲೇ ನಡೆದಿದೆ. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ನೀರು ಮಿತಿ ಮೀರಿದಾಗ ಅವು ಯಾರನ್ನೂ ಕೂಗಿ ಕರೆಯದೆ ತಾವೇ ತೆರೆದುಕೊಳ್ಳುತ್ತಿದ್ದವು. ಮೇಳದ ಅಲಾರಾಂ ಕೂಗುವುದರಲ್ಲೇ ಕೃತಕೃತ್ಯವಾಗುತ್ತದೆ. ಕುಕ್ಕರಿನ ಸೀಟಿ, ಹಿಂದೆ ಸರಿಯುವ ಕಾರಿನ ಸಂಗೀತ ಮತ್ತು ಮೊಬೈಲಿನ ಗುಣುಗುಣುಗಳ ನಡುವೆ ಆ ಕೂಗನ್ನು ಮನೆಯ ಎಲ್ಲರೂ ಕೇಳಿಸಿಕೊಂಡು, ಎಲ್ಲರೂ ಇನ್ನೊಬ್ಬರು ಏಳುವರೆಂದು ಕುಳಿತಿರುತ್ತಾರೆ. ಕೊನೆಗೆ ತವೆಯ ಮೇಲಿನ ದೋಸೆಯನ್ನು ಬಿಟ್ಟು ಹೋಗಿ ಟಾಂಕಿಗೆ ನೀರೆತ್ತುವ ಮೋಟಾರು ನಿಲ್ಲಿಸುವವಳು ತಾಯಿ. ಹೀಗಿರುವಾಗ, ಬಣ್ಣದ ಚಾರ್ಟಿನಲ್ಲಿ ಬ್ಯಾಟರಿಯಿಂದ ಸೆಲ್ಲೋಟೇಪಿನವರೆಗೆ ಎಲ್ಲ ಬಿಡಿಭಾಗಗಳನ್ನೂ ಪಟ್ಟಿಮಾಡಿ ಆಕೆಯೊಬ್ಬಳನ್ನು ಕೈಬಿಡುವುದು ವೈಜ್ಞಾನಿಕ ದೃಷ್ಟಿಯಿಂದ ಗಂಭೀರ ಲೋಪವಾಗಿದ್ದು, ತೀರ್ಪುಗಾರರು ಅದಕ್ಕೆ ಅಂಕ ಕಳೆಯುವುದು ನ್ಯಾಯಸಮ್ಮತವಾಗಿದೆ.