ಕ್ಲಾಸ್ ಕಲಿತ ಕೊಟ್ರೇಶ

ಅವನ ಹೆಸರು ಕೊಟ್ರೇಶ ಅಂತ ಇಟ್ಟುಕೊಳ್ಳಿ. ಕೊಟ್ಟೂರಿನ ಹುಡುಗನಿಗೆ ಹಾಗೆ ಹೆಸರಿಟ್ಟರೆ ತಪ್ಪಾಗುವ ಸಂಭವ ಕಮ್ಮಿ. ಇಂಥವನು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಲ್ಲೂ ಇದ್ದಾನೆ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೂತವನೂ ಅವನೇ. ಡಿಗ್ರಿ ಮುಗಿದಿದೆ, ಕೆಲಸ ಬಂದಿಲ್ಲ, ಆನಿಮೇಷನ್ ಬಂದಿದೆ ಎಂಬ ಗುಮಾನಿ ಇದೆ.

ಹಿಡಿದಿರುವುದು ‘ಪ್ರೊಸೆಸಿಂಗ್’. ಚಿತ್ರ ಬರೆಯುವವರಿಗೂ ಕೋಡ್ ಒಲಿಯಲಿ ಅಂತ 2001ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೇಸಿ ರೀಸ್, ಬೆನ್ ಫ್ರೈ ಶುರುಮಾಡಿದ್ದು. ಪರದೆಯ ಮೇಲೆ ಒಂದೇ ಚೆಂಡು ಓಡಿಸುವ ತನಕ ಕೊಟ್ರೇಶ ಸರಿಯಾಗಿಯೇ ಇದ್ದ. ಒಂದೇ ಅಚ್ಚಿನಿಂದ ಬೇಕಾದಷ್ಟು ಆಬ್ಜೆಕ್ಟು ತೆಗೆಯುವ ‘ಕ್ಲಾಸ್’ ಕಲಿತ ನೋಡಿ, ಅವತ್ತಿನಿಂದ ಕಣ್ಣಿಗೆ ಮನುಷ್ಯರೇ ಬೀಳುತ್ತಿಲ್ಲ, ಬರೀ ಆಬ್ಜೆಕ್ಟುಗಳು.

ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ಪಾಠ ಶುರು: “ಕೊಟ್ರೇಶ ಅನ್ನೋದು ಕ್ಲಾಸ್ ಅಣ್ಣಾ. ನಾನು, ನೀನು, ಎಲ್ಲಾ ಅದರ ಆಬ್ಜೆಕ್ಟು.”

ಅಂಗಡಿಯವನೂ ಕೊಟ್ರೇಶನೇ. ಬಾಣಲೆಯಿಂದ ಮಿರ್ಚಿ ಎತ್ತುತ್ತಾ ಕೇಳಿದ: “ಹಂಗಾದ್ರ ನಿನ್ನ ಸಾಲ ಎಲ್ಲಾ ಕೊಟ್ರೇಶರಿಗೂ ಹಂಚಿ ಬರೀಲೇನು?”

“ಏ, ಇಲ್ಲ! ಕ್ಲಾಸಿನಾಗ ಸಾಲ ಅಂತ ಒಂದು ಕಲಂ ಇರ್ತೈತಿ, ಅಷ್ಟ. ಮೊತ್ತ ಒಬ್ಬೊಬ್ಬಂದು ಬ್ಯಾರೆ.”

“ಹೌದಾ? ನಿಂದು ಎಂಬತ್ತು ರೂಪಾಯಿ ಆಗೈತಿ, ತೆಗಿ.”

ಕ್ಲಾಸ್‌ಗೂ ಆಬ್ಜೆಕ್ಟ್‌ಗೂ ಇರುವ ವ್ಯತ್ಯಾಸವನ್ನು ಇಷ್ಟು ಚೊಕ್ಕವಾಗಿ ಯಾವ ಮೇಷ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮುಂದಿನದು ಗುರು ಕೊಟ್ಟೂರೇಶ್ವರರ ತೇರು. ‘ಪಾದಯಾತ್ರಿ’ ಅಂತ ಕ್ಲಾಸ್ ಬರೆದು, ಫಾರ್ ಲೂಪ್ ಸುತ್ತಿ, 500 ಮಂದಿಯನ್ನು ದಾವಣಗೆರೆ ಕಡೆಯಿಂದ ಹೊರಡಿಸಿ ಅಜ್ಜನನ್ನು ಕರೆದ.

“ಒಬ್ಬನ ಬರಾಕತ್ತಾನಲ್ಲೋ?”

“ಐನೂರು ಮಂದಿ ಅದಾರಜ್ಜ. ಎಲ್ಲಾರೂ ಒಂದ ಕಡಿ ನಿಂತಾರ.”

ಆಬ್ಜೆಕ್ಟು ಹುಟ್ಟಿಸುವ ಕನ್‌ಸ್ಟ್ರಕ್ಟರಿನಲ್ಲಿ ಎಲ್ಲರಿಗೂ ಒಂದೇ ಜಾಗ, ಒಂದೇ ವೇಗ ಕೊಟ್ಟಿದ್ದ. ರ‍್ಯಾಂಡಮ್ ಹಾಕಿದ ಮೇಲೆ ಮಂದಿ ಚದುರಿತು. ಆದರೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುವ ‘ಡ್ರಾ’ದೊಳಗೆ, ಹಿಂದಿನದನ್ನು ಒರೆಸುವ ‘ಬ್ಯಾಕ್‌ಗ್ರೌಂಡ್’ ಸಾಲೇ ಇರಲಿಲ್ಲ. ತೇರು ಹಾದಲ್ಲೆಲ್ಲ ತೇರು ಉಳಿದು ಬೀದಿ ತುಂಬಿತು. ಅದನ್ನೂ ತಿದ್ದಿದ. ಈಗ ತೇರು ಗಂಭೀರವಾಗಿ ಹೊರಟು, ಪರದೆಯ ಅಂಚು ದಾಟಿ, ಹೋಗಿಯೇ ಬಿಟ್ಟಿತು.

2017ರಲ್ಲಿ ನಿಜವಾದ ತೇರು ಉರುಳಿದ್ದನ್ನು ಕಂಡ ಅಜ್ಜ ಅವರು. “ತೇರು ಬರದಿ, ಮಂದಿ ಬರದಿ. ಗಾಲಿಗೆ ಅಡ್ಡ ಕೊಡೋರು ಎಲ್ಲ್ಯದಾರೋ?”

ಅಂಚಿಗೆ ಬಂದ ತೇರನ್ನು ನಿಲ್ಲಿಸಲು ಒಂದು ‘ಇಫ್’ ಸಾಲು ಸಾಕಿತ್ತು. ಕೊಟ್ರೇಶ ಅದಕ್ಕೂ ಒಂದು ಕ್ಲಾಸ್ ಶುರುಮಾಡಿದ.