ಮಧುಗಿರಿ ಸೀಮೆಯ ಜಿಮ್ಮುಗಳಲ್ಲಿ ಸ್ತ್ರೀದೃಷ್ಟಿ: ಒಂದು ಲಕ್ಷಣಗ್ರಂಥದ ಕರಡು

ಈ ಗ್ರಂಥದ ವಿಷಯ ನೋಟ. ಕ್ಷೇತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕು. ಕಾಲ ಬೆಳಗಿನ ಐದೂವರೆಯಿಂದ ಏಳು, ಅಂದರೆ ಹೆಂಗಸರ ಬ್ಯಾಚು. ಪ್ರಯೋಜನ, ಬರೆಯುವವಳ ಹೊಟ್ಟೆಯುರಿ ಶಮನ. ಇದನ್ನು ಓದಲು ಅಧಿಕಾರಿಗಳು ಯಾರೆಂದರೆ, ಹೊಸ ಶೂ ಹಾಕಿಕೊಂಡು ಮೊದಲ ದಿನ ಜಿಮ್ಮಿನ ಬಾಗಿಲು ತಳ್ಳಿ, ಒಳಗಿದ್ದ ಏಳು ತಲೆಗಳು ಒಟ್ಟಿಗೇ ತಿರುಗಿದ್ದನ್ನು ಕಂಡು, ‘ಅಯ್ಯೋ, ಪರ್ಸು ಮರೆತೆ’ ಎಂದು ಮೆಟ್ಟಿಲಿಳಿದು ಹೋದ ಸಮಸ್ತ ಸ್ತ್ರೀಯರು. ಶಾಸ್ತ್ರಗ್ರಂಥದ ಆರಂಭದಲ್ಲಿ ಹೇಳಬೇಕಾದ ನಾಲ್ಕರಲ್ಲಿ ಮೂರು ಮುಗಿದವು. ನಾಲ್ಕನೆಯದಾದ ‘ಸಂಬಂಧ’ವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಮ್ಮ ಸೀಮೆಯಲ್ಲಿ ಯಾವ ಮಾತೂ ಕಡೆಗೆ ಬಂದು ನಿಲ್ಲುವುದು ಅಲ್ಲಿಯೇ.

ಮೊದಲು ಪೂರ್ವಸೂರಿಗಳ ಸ್ಮರಣೆ. ಭರತಮುನಿ ನಾಟ್ಯಶಾಸ್ತ್ರದಲ್ಲಿ 36 ದೃಷ್ಟಿಗಳನ್ನು ಎಣಿಸಿದ್ದಾನೆ. ಆತನ ಶ್ರಮಕ್ಕೆ ನಮಸ್ಕಾರ. ಆದರೆ ಆತ ಹೇಳಿದ್ದು ದುಡ್ಡು ಪಡೆದು ನೋಡುವ ನಟಿಯರ ಕಣ್ಣಿನ ಬಗ್ಗೆ. ತಿಂಗಳ ಫೀಸು ತಾವೇ ಕಟ್ಟಿ ನೋಡುವವರ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ. ಅಭಿನಯದರ್ಪಣದ ನಂದಿಕೇಶ್ವರ ಎಂಟೇ ದೃಷ್ಟಿಭೇದಗಳಲ್ಲಿ ಕೆಲಸ ಮುಗಿಸಿದರೂ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ ಬಂದಿದ್ದಾನೆ. ಅವನ ‘ಸಾಚೀ’ ಎಂದರೆ ಓರೆಗಣ್ಣು. ಡಂಬೆಲ್ ಎತ್ತುವಾಗ ಪಕ್ಕದವಳು ಎಷ್ಟು ಕೆಜಿ ಎತ್ತಿದಳೆಂದು ಓದುವ ಕಣ್ಣು. ‘ಅನುವೃತ್ತ’ ಎಂದರೆ ಕಣ್ಣನ್ನು ಸರಸರನೆ ಮೇಲಕ್ಕೂ ಕೆಳಕ್ಕೂ ಆಡಿಸುವುದು. ಅಡಿಯಿಂದ ಮುಡಿಯವರೆಗೆ ಅಳೆಯುವುದು ಎಂದು ನಾವು ಕರೆಯುವ ನೋಟ ಇದೇ. ಇದನ್ನು ಎಲ್ಲಿ ಬಳಸಬೇಕು ಎಂಬುದಕ್ಕೆ ಆತ ಎರಡು ಸಂದರ್ಭ ಕೊಡುತ್ತಾನೆ: ಒಂದು ಕೋಪ, ಇನ್ನೊಂದು ಪ್ರೀತಿಯ ಕರೆ. ಎರಡಕ್ಕೂ ಒಂದೇ ನೋಟ ಸಾಕೆಂದ ಆ ಆಚಾರ್ಯ ಮಧುಗಿರಿಯ ಕಡೆಯವನೇ ಇರಬೇಕೆಂದು ನನ್ನ ಗುಮಾನಿ.

ಪಾಶ್ಚಾತ್ಯರನ್ನೂ ಬಿಡುವಂತಿಲ್ಲ, ಬಿಟ್ಟರೆ ಪ್ರಬಂಧಕ್ಕೆ ತೂಕ ಬರುವುದಿಲ್ಲ. ಲಾರಾ ಮಲ್ವಿ 1975ರಲ್ಲಿ ಸಿನಿಮಾದ ಗಂಡುನೋಟದ ಬಗ್ಗೆ ಬರೆದು ಪ್ರಸಿದ್ಧರಾದರು. ಹೆಣ್ಣುನೋಟದ ತೀವ್ರತೆ ತಿಳಿಯಲು ನಮ್ಮ ಕಡೆಯ ಯಾವುದಾದರೂ ಮದುವೆ ಛತ್ರದಲ್ಲಿ ಆಕೆ ಒಂದು ಗಂಟೆ ಕೂರಬೇಕಿತ್ತು. ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ, ಅಪರಿಚಿತರು ಎದುರಾದಾಗ ಒಮ್ಮೆ ನೋಡಿ ಸಭ್ಯವಾಗಿ ಕಣ್ಣು ತೆಗೆಯುತ್ತಾರೆಂದು 1963ರಲ್ಲಿ ಬರೆದ. ನಮ್ಮಲ್ಲಿ ಮೊದಲರ್ಧ ಅಕ್ಷರಶಃ ಪಾಲನೆಯಾಗುತ್ತಿದೆ.

ಇನ್ನು ಟ್ರೆಡ್‌ಮಿಲ್ಲಿನ ಪುರಾಣ. ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರಲ್ಲಿ ಇದರ ಮೂಲರೂಪವನ್ನು ಮಾಡಿದ್ದು ಸೆರೆಮನೆಯ ಕೈದಿಗಳಿಗಾಗಿ. ಕೆಲವು ಸೆರೆಮನೆಗಳಲ್ಲಿ ತುಳಿಯುವವರ ನಡುವೆ ಹಲಗೆಯ ಅಡ್ಡಗೋಡೆ ಇರುತ್ತಿತ್ತು, ಒಬ್ಬರಿಗೊಬ್ಬರು ಕಾಣದಿರಲೆಂದು. ಕಳ್ಳರಿಗೂ ದರೋಡೆಕೋರರಿಗೂ ದೊರೆತ ಆ ಕರುಣೆ ನಮಗಿಲ್ಲ. ನಮಗೆ ಗೋಡೆಯ ಬದಲು ಕನ್ನಡಿ ಹಾಕಿದ್ದಾರೆ. ಒಬ್ಬಳು ಗುರಾಯಿಸಿದರೆ ಇಬ್ಬರು ಗುರಾಯಿಸಿದ ಹಾಗೆ.

ಈಗ ತಾಲ್ಲೂಕುವಾರು ವಿವೇಚನೆ. ಹಿರಿತನದಿಂದ ಪಾವಗಡಕ್ಕೆ ಅಗ್ರಸ್ಥಾನ, ಏಕೆಂದರೆ ದೃಷ್ಟಿಗೆ ಅಧಿದೈವನಾದ ಶನಿಮಹಾತ್ಮನೇ ಅಲ್ಲಿ ನೆಲೆಸಿದ್ದಾನೆ. ಗಣಪತಿಯ ತಲೆ ಹೋದದ್ದು ಶನಿ ಒಮ್ಮೆ ಕಣ್ಣೆತ್ತಿ ನೋಡಿದ್ದಕ್ಕೆ ಎಂದು ಪುರಾಣವೊಂದು ಹೇಳುತ್ತದೆ. ಜ್ಯೋತಿಷ್ಯದ ಪ್ರಕಾರ ಎಲ್ಲ ಗ್ರಹಗಳಿಗೂ ಏಳನೆಯ ಮನೆಯ ಮೇಲೆ ದೃಷ್ಟಿ. ಶನಿಗೆ ಮಾತ್ರ ಮೂರು ಮತ್ತು ಹತ್ತರ ಮೇಲೂ ಉಂಟು. ನಾನು ಹೋಗುವ ಮಧುಗಿರಿಯ ಜಿಮ್ಮಿನಲ್ಲಿ (ಹೆಸರು ಬೇಡ, ಮುಂದಿನ ತಿಂಗಳ ಫೀಸೂ ಕಟ್ಟಿಯಾಗಿದೆ) ಕಿಟಕಿ ಪಕ್ಕದ ಸೈಕಲ್ ಮೇಲೆ ದಿನಾ ಒಬ್ಬ ಅಕ್ಕ ಕೂರುತ್ತಾರೆ. ಜಾನಪದ ಸಂಶೋಧಕರ ಪರಿಭಾಷೆಯಲ್ಲಿ ಅವರೇ ನನ್ನ ಮುಖ್ಯ ವಕ್ತೃ. ಅವರ ಸೈಕಲ್ಲನ್ನು ಒಂದನೆಯ ಮನೆ ಎಂದು ಹಿಡಿದು ಎಣಿಸಿದರೆ, ಗೋಡೆ ಗಡಿಯಾರದ ಕೆಳಗಿರುವ ನನ್ನ ಟ್ರೆಡ್‌ಮಿಲ್ಲು ಸರಿಯಾಗಿ ಮೂರನೆಯದು. ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ, ಎರಡು ನಿಮಿಷಕ್ಕೊಮ್ಮೆ ಬೀಳುವ ಆ ನೋಟ ಏಳರಾಟದಲ್ಲಿ ಎಷ್ಟನೆಯ ಭಾಗವೆಂದು ನಾನು ಲೆಕ್ಕ ಹಾಕುತ್ತಲೇ ನಡೆಯುತ್ತೇನೆ. ಪಾವಗಡದವರಿಗಾದರೂ ಪರಿಹಾರವುಂಟು: ಶನಿ ಸೂರ್ಯನ ಮಗ, ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹಾಸಿದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಹಲಗೆಗಳು ಅವನ ಅಪ್ಪನನ್ನೇ ಹಗಲಿಡೀ ದುರುಗುಟ್ಟಿ ನೋಡುತ್ತಿವೆ. ಲೆಕ್ಕ ಚುಕ್ತಾ.

ಶಿರಾದ್ದು ಸುಬೇದಾರಿ ನೋಟ. 1687ರಲ್ಲಿ ಮೊಗಲರು ಅದನ್ನು ಸುಬಾದ ರಾಜಧಾನಿ ಮಾಡಿದರು, 1757ರಲ್ಲಿ ಮರಾಠರು ಬಂದು ಹಿಡಿದರು. ನಡುವಿನ 70 ವರ್ಷ ಕಂದಾಯ ನಿಗದಿ ಮಾಡಿದ ಕಣ್ಣು ಅಷ್ಟು ಬೇಗ ಊರು ಬಿಡುತ್ತದೆಯೇ? ಒಳಗೆ ಬಂದವಳ ಟ್ರ್ಯಾಕ್ ಪ್ಯಾಂಟಿನ ಬೆಲೆ, ಒಳಕ್ಕೆ ಸಿಕ್ಕಿಸಿಕೊಂಡ ತಾಳಿಸರದ ಎಳೆ, ನೀರಿನ ಬಾಟಲಿ ಸ್ಟೀಲೋ ಪ್ಲಾಸ್ಟಿಕ್ಕೋ, ಎಲ್ಲವೂ ಒಂದೇ ನೋಟದಲ್ಲಿ ಜಮಾಬಂದಿ. ಕಗ್ಗಲಡುವಿನ ಹುಣಸೆಮರದ ಕೊಕ್ಕರೆಗಳೂ ಪಕ್ಕದ ಗೂಡಿನ ಕಡ್ಡಿಗಳನ್ನು ಹೀಗೇ ಎಣಿಸುತ್ತಾವೇನೋ.

ಕೊರಟಗೆರೆ ನನ್ನ ಸಿದ್ಧಾಂತಕ್ಕೆ ತೊಡಕು ತಂದಿತು. ಅಲ್ಲಿನ ಸಿದ್ಧರಬೆಟ್ಟವನ್ನು ಹೆಂಗಸರು ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಏದುಸಿರು ಬಿಡುತ್ತ ಹತ್ತುತ್ತಾರೆ. ತೊಡೆಗೆ ಅದೇ ವ್ಯಾಯಾಮ, ಅದೇ ಬೆವರು, ಕೆದರಿದ ಅದೇ ಜಡೆ. ಆದರೂ ಗುರಾಯಿಸುವವರಿಲ್ಲ. ‘ಬಾ ತಾಯಿ, ಇನ್ನೇನ್ ಬಂತು, ಒಂದೇ ತಿರುವು’ ಎಂದು ಇಳಿಯುವವರು ಹತ್ತುವವರಿಗೆ ಧಾರಾಳವಾಗಿ ಸುಳ್ಳು ಹೇಳುತ್ತಾರೆ. ದೇವರ ಹೆಸರಿನಲ್ಲಿ ಬೆವರಿದರೆ ಭಕ್ತೆ, ಸೊಂಟದ ಹೆಸರಿನಲ್ಲಿ ಬೆವರಿದರೆ ‘ಯಾರಿಗೆ ತೋರಿಸೋಕೆ?’ ಜಿಮ್ಮಿನ ಮೂಲೆಯಲ್ಲಿ ಒಂದು ಹುಂಡಿ ಇಟ್ಟು ನೋಡಬಹುದು.

ಮಧುಗಿರಿಯ ವಿಷಯಕ್ಕೆ ಬಂದರೆ, ಪಾವಗಡದ ದಾರಿಯಲ್ಲಿ ಮಿಡಿಗೇಶಿ ಎಂಬ ಊರಿದೆ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಹೆಣ್ಣೊಬ್ಬಳಿಂದ ಆ ಹೆಸರು ಬಂತೆಂದು ಐತಿಹ್ಯ. ಆಕೆ ನಮ್ಮ ಬ್ಯಾಚಿಗೆ ಬಂದಿದ್ದರೆ ಎರಡನೆಯ ದಿನವೇ ‘ಚೌರಿ ಇರಬೇಕು ಬಿಡು’ ಎಂಬ ತೀರ್ಮಾನ ಆಗಿರುತ್ತಿತ್ತು. ಅದೇ ತಾಲ್ಲೂಕಿನ ಮೈದನಹಳ್ಳಿ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಜೀಪಿನ ಸದ್ದಿಗೆ ಹಿಂಡು ಪೂರಾ ಮೇಯುವುದು ನಿಲ್ಲಿಸಿ, ಕತ್ತೆತ್ತಿ, ಕಿವಿ ನಿಮಿರಿಸಿ ನಿಟ್ಟಿಸುತ್ತದೆ. ಮೊದಲ ದಿನ ನಾನು ಕಂಡ ಏಳು ತಲೆಗಳೂ ಥೇಟ್ ಹಾಗೇ ನಿಂತಿದ್ದವು. ಜಿಂಕೆ ನೋಡುವುದು ಸಿಟ್ಟಿಗಲ್ಲ, ಭಯಕ್ಕೆ ಎಂದು ಕೆಲವರು ವಾದಿಸಬಹುದು. ಅದು ಪೂರ್ವಪಕ್ಷ, ಮುಂದೆ ಖಂಡಿಸುತ್ತೇನೆ.

ಪರಿಹಾರಕಾಂಡ ಚಿಕ್ಕದು. ಜಿಮ್ಮಿನ ಬಾಗಿಲಿಗೆ ಕೋರೆಹಲ್ಲಿನ ದೃಷ್ಟಿಗೊಂಬೆ ಕಟ್ಟಿದ್ದಾರೆ, ಆದರೆ ಮುಖ ಬೀದಿಗೆ. ಒಳಗಿನ ಅಪಾಯ ಅದರ ಬೆನ್ನ ಹಿಂದೆ. ಕಿವಿಯ ಹಿಂದೆ ಕಾಡಿಗೆ ಬೊಟ್ಟು ಇಟ್ಟುಕೊಂಡು ಹೋದೆ, ಹತ್ತು ನಿಮಿಷದಲ್ಲಿ ಬೆವರಿಗೆ ಇಳಿದು ಕಾಲರಿಗೆ ಬಂತು, ಜನ ಅದನ್ನೂ ನೋಡಿದರು. ಅತ್ತೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ಭಾರೀ ದೃಷ್ಟಿ ಎಂದರು. ಇಂಡಕ್ಷನ್ ಒಲೆಯಲ್ಲಿ ಘಾಟು ಹೇಗೆ ಬಂದೀತು ಎಂದು ನಾನು ಕೇಳಲಿಲ್ಲ.

ಕೊನೆಗೆ ಕ್ಷೇತ್ರಕಾರ್ಯದ ನಿಯಮ ಮುರಿದು ವಕ್ತೃವನ್ನೇ ಕೇಳಿದೆ: ‘ಅಕ್ಕಾ, ದಿನಾ ಹಂಗೆ ನೋಡ್ತೀರಲ್ಲ, ನನ್ ಮುಖದಾಗೆ ಏನೈತೆ?’

‘ನಿನ್ ಮುಖಾನಾ? ನಂಗೆಲ್ಲಿ ಕಾಣ್ತದಮ್ಮ! ಬೆವರಿಗೆ ಜಾರ್ತದೆ ಅಂತ ಕನ್ನಡಕ ತೆಗೆದು ಬ್ಯಾಗಿಗೆ ಹಾಕಿರ್ತೀನಿ. ನಿನ್ ತಲೆ ಮ್ಯಾಲೆ ಗಡಿಯಾರ ಐತಲ್ಲ, ಟೈಂ ಎಷ್ಟಾತು ಅಂತ ನೋಡ್ತಿದ್ದೆ. ಏಳೂ ಹತ್ತಕ್ಕೆ ಪಾವಗಡದ ಬಸ್ಸು ನಂದು.’ ಎರಡು ಸುತ್ತು ಪೆಡಲ್ ತುಳಿದು ಕೇಳಿದರು: ‘ಅದ್ಸರಿ, ನೀನು ಯಾರ ಪೈಕಿ?’

ಸಂಬಂಧ ನಿರೂಪಣೆಗೆ ಒಂಬತ್ತು ನಿಮಿಷ ಹಿಡಿಯಿತು. ಅವರ ಚಿಕ್ಕಮ್ಮನ ಮಗಳನ್ನು ನಮ್ಮ ಯಜಮಾನರ ಸೋದರಮಾವನ ಮನೆಗೆ ಕೊಟ್ಟಿದ್ದಾರೆ.

ಒಂದು ಸಾಕ್ಷ್ಯ ಕೈಕೊಟ್ಟ ಮಾತ್ರಕ್ಕೆ ಸಿದ್ಧಾಂತ ಬೀಳುವುದಿಲ್ಲ. ಇದನ್ನು ಅಪವಾದವೆಂದು ಬದಿಗಿರಿಸಲಾಗಿದೆ. ಉಳಿದ ಆರು ತಲೆಗಳಿಗೆ ಕನ್ನಡಕ ಉಂಟೋ ಇಲ್ಲವೋ ವಿಚಾರಿಸುವ ಉದ್ದೇಶ ನನಗಿಲ್ಲ. ಗ್ರಂಥ ಮುಕ್ಕಾಲು ಪಾಲು ಬರೆದಾಗಿದೆ.