ಕಥೆ ಹೇಳಬೇಡ, ಮುಗಿಸಲಾ ಹೇಳು

ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಮನೆ ಬಾಗಿಲು ಬಡಿದರೆ ಅದು ಪೇಪರಿನವನಲ್ಲ, ಗೋಪುರರಾಯರು. ಕೈಯಲ್ಲಿ ಇಟ್ಟಿಗೆ ಗಾತ್ರದ ಪುಸ್ತಕ. ಅದರ ಹೊಟ್ಟೆಯಲ್ಲಿ ಗುರುತಿಗೆಂದು ಇಟ್ಟ ಬ್ಯಾಂಕಿನ ಹಳೇ ಚಲನ್. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬಂದುಬಿಡುತ್ತದೆ.

“ಕಥೆ ಹೇಳಬೇಡ ಕಣಯ್ಯ. ಮುಗಿಸಬಹುದಾ, ಬೇಡ್ವಾ, ಅಷ್ಟು ಹೇಳು.”

ಪುಸ್ತಕ ಯಾವುದೆಂದು ನಾನು ಕೇಳುವುದಿಲ್ಲ. ಸ್ಟೀಫನ್ ಕಿಂಗ್ ಬರೆದ ‘ದಿ ಡಾರ್ಕ್ ಟವರ್’. ರೋಲಂಡ್ ಎಂಬ ಕೋವಿಗಾರನೊಬ್ಬ ಲೋಕಗಳ ನಡುಮಧ್ಯೆ ನಿಂತಿರುವ ಕಪ್ಪು ಗೋಪುರವೊಂದನ್ನು ಹುಡುಕಿಕೊಂಡು ಹೋಗುತ್ತಾನೆ, ಅಷ್ಟೇ ಕಥೆ. ಆ ಅಷ್ಟೇ ಕಥೆಗೆ ನಾಲ್ಕು ಸಾವಿರಕ್ಕೂ ಮಿಕ್ಕಿ ಪುಟ. ಬ್ರೌನಿಂಗ್ ಕವಿಯ ಪದ್ಯವೊಂದು ತಲೆಗೆ ಹೊಕ್ಕು ಕಿಂಗ್ ಬರೆಯಲು ಕೂತದ್ದು 1970ರಲ್ಲಿ. ಮೊದಲ ಸಂಪುಟ ಪುಸ್ತಕವಾಗಿ ಬಂದದ್ದು 1982ರಲ್ಲಿ, ಏಳನೆಯದು 2004ರಲ್ಲಿ. ಬರೆದವನಿಗೇ ಮೂವತ್ತನಾಲ್ಕು ವರ್ಷ ಹಿಡಿಯಿತು. ರಾಯರು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಮೊದಲ ಸಂಪುಟ ಕೊಂಡದ್ದು 1993ರಲ್ಲಿ. ಇನ್ನೂ ಓದುತ್ತಿದ್ದಾರೆ. ಬರೆದವನ ದಾಖಲೆ ಮುರಿಯಲು ಅವರಿಗೆ ಬಹಳ ದಿನವೇನೂ ಬೇಕಾಗಿಲ್ಲ.

ರಾಯರು ಸೋಮಾರಿಯೆಂದು ತಿಳಿಯಬೇಡಿ. ಆ ಪುಸ್ತಕಗಳನ್ನು ಅವರಷ್ಟು ಓದಿದವರು ಬೆಂಗಳೂರಿನಲ್ಲಿ ಇನ್ನೊಬ್ಬರಿರಲಾರರು. ತೊಂದರೆ ಏನೆಂದರೆ, ಅವರು ಓದಿದ್ದೆಲ್ಲ ಮೊದಲಿನಿಂದ.

ಮೂರನೆಯ ಸಂಪುಟದ ಕೊನೆಗೆ ಕಿಂಗ್ ತನ್ನ ಪಾತ್ರಗಳನ್ನೆಲ್ಲ ಬ್ಲೇನ್ ಎಂಬ ಮಾತಾಡುವ ರೈಲಿಗೆ ಹತ್ತಿಸುತ್ತಾನೆ. ಅದಕ್ಕೆ ತಲೆ ಕೆಟ್ಟಿದೆ. ಹತ್ತಿದವರ ಸಮೇತ ಪ್ರಾಣ ಕಳೆದುಕೊಳ್ಳಲು ಹೊರಟಿದೆ. ನನಗೆ ಉತ್ತರ ಗೊತ್ತಿಲ್ಲದ ಒಂದು ಒಗಟು ಹೇಳಿ, ಬಿಟ್ಟುಬಿಡುತ್ತೇನೆ ಎನ್ನುತ್ತದೆ. ಸಂಪುಟ ಮುಗಿಯಿತು! ಇದು 1991ರ ಮಾತು. ಮುಂದಿನ ಸಂಪುಟ ಬಂದದ್ದು 1997ರಲ್ಲಿ. ಆ ನಡುವಿನ ದಿನಗಳಲ್ಲಿ ರಾಯರು ತಮ್ಮ ಬ್ಯಾಂಕಿನ ಶಾಖೆಯಲ್ಲಿ ಕಂಡಕಂಡವರಿಗೆ ಒಗಟು ಹಾಕುತ್ತಿದ್ದರಂತೆ. ಆಡಿಟ್‌ಗೆ ಬಂದವರನ್ನೂ ಬಿಡಲಿಲ್ಲವಂತೆ. ಆಗ ಅವರಿಗೆ ಬಡ್ತಿ ತಪ್ಪಿದ್ದು ಅದಕ್ಕೇ ಎಂದು ಅವರ ಹೆಂಡತಿ ಈಗಲೂ ಹೇಳುತ್ತಾರೆ.

ನಾಲ್ಕನೆಯದು ಬಂತು. ನಾಲ್ಕು ವರ್ಷ ಕಾದಿದ್ದರಿಂದ ಹಿಂದಿನದೆಲ್ಲ ಮಸುಕಾಗಿತ್ತು. ಮತ್ತೆ ಒಂದರಿಂದ ಶುರು. ರೈಲು ದಾಟಿ ಉಸ್ಸಪ್ಪಾ ಎನ್ನುವಷ್ಟರಲ್ಲಿ ರೋಲಂಡ್ ಬೆಂಕಿಯ ಮುಂದೆ ಕೂತು ತನ್ನ ಹದಿನಾಲ್ಕನೇ ವಯಸ್ಸಿನ ಪ್ರೇಮಕಥೆ ಹೇಳಲು ತೊಡಗಿದ. ಸಂಪುಟದ ಬಹುಪಾಲು ಅದೇ. “ಫ್ಲ್ಯಾಶ್‌ಬ್ಯಾಕ್ ಅಂದ್ರೆ ಒಂದು ಹಾಡಿನಷ್ಟು ಇರಬೇಕು ಕಣಯ್ಯ, ಇವನು ಇಡೀ ಸಿನಿಮಾನೇ ಒಳಗೆ ತುರುಕಿದಾನೆ,” ಎಂದು ರಾಯರು ಮುನಿಸಿಕೊಂಡು ಪುಸ್ತಕವನ್ನು ಅಟ್ಟಕ್ಕೇರಿಸಿದರು.

ಅದು ಅಟ್ಟದ ಮೇಲಿದ್ದಾಗಲೇ, 1999ರ ಜೂನ್ 19ರಂದು, ಅಮೆರಿಕದ ಮೇನ್ ರಾಜ್ಯದಲ್ಲಿ ರಸ್ತೆ ಬದಿ ವಾಕಿಂಗ್ ಹೊರಟಿದ್ದ ಕಿಂಗ್‌ಗೆ ವ್ಯಾನೊಂದು ಬಂದು ಗುದ್ದಿತು. ಸುದ್ದಿ ಕೇಳಿದ ರಾಯರಿಗೆ ಊಟ ಸೇರಲಿಲ್ಲ. ಸಂಜೆ ಗಣಪತಿ ಗುಡಿಗೆ ಹೋಗಿ ಅರ್ಚನೆಗೆ ನಿಂತರು. ಅರ್ಚಕರು ಹೆಸರು ಕೇಳಿದರು, ಸ್ಟೀಫನ್ ಎಂದರು. ಗೋತ್ರ ಕೇಳಿದರು. ರಾಯರು ಒಂದು ಗಳಿಗೆ ಯೋಚಿಸಿ ತಮ್ಮ ಭಾರದ್ವಾಜ ಗೋತ್ರವನ್ನೇ ಕೊಟ್ಟುಬಿಟ್ಟರು. ನಕ್ಷತ್ರಕ್ಕೆ ಮಾತ್ರ ಹುಟ್ಟಿದ ದಿನ 1947ರ ಸೆಪ್ಟೆಂಬರ್ 21, ನೀವೇ ಪಂಚಾಂಗ ನೋಡಿಕೊಳ್ಳಿ ಎಂದರಂತೆ. ಕಿಂಗ್ ಬದುಕಿದ. ಬದುಕಿದ್ದಷ್ಟೇ ಅಲ್ಲ, ಇನ್ನು ತಡಮಾಡಿದರೆ ಗೋಪುರ ಅರ್ಧಕ್ಕೇ ನಿಂತೀತೆಂಬ ದಿಗಿಲಿನಲ್ಲಿ ಉಳಿದ ಮೂರನ್ನೂ ಬರೆದು, 2003ರ ನವೆಂಬರ್‌ನಿಂದ 2004ರ ಸೆಪ್ಟೆಂಬರ್‌ವರೆಗಿನ ಹನ್ನೊಂದು ತಿಂಗಳಲ್ಲಿ ಒಂದರ ಹಿಂದೊಂದು ಹೊರತಂದ. ಆ ಅಪಘಾತವನ್ನೂ ಕಥೆಯೊಳಗೆ ಸೇರಿಸಿದ. ತಾನೂ ಪಾತ್ರವಾಗಿ ಬಂದ. ಇದು ಅತಿಯಾಯಿತು ಎಂದು ಬೇರೆಯವರು ಗೊಣಗಿದರೆ ರಾಯರದು ಒಂದೇ ಉತ್ತರ: “ಭಾರತದಲ್ಲಿ ವ್ಯಾಸರು ಬರಲಿಲ್ವೇ?”

ಇನ್ನೇನು, ಸಲೀಸಾಗಿ ಮುಗಿಸಬಹುದಿತ್ತು. ಆದರೆ ಅದೇ 2003ರಲ್ಲಿ ಕಿಂಗ್ ಮೊದಲ ಸಂಪುಟವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದ್ದ. ತಿದ್ದುಪಡಿ ಸುತ್ತೋಲೆ ಬಂದ ಮೇಲೆ ಹಳೇ ನಿಯಮ ಇಟ್ಟುಕೊಂಡು ಕೂರುವವರು ನಮ್ಮ ರಾಯರಲ್ಲ. ಮತ್ತೆ ಒಂದರಿಂದ ಶುರು. ಹೇಗೋ ಆರನೆಯದರ ತನಕ ಬಂದರು. ಅಷ್ಟು ಹೊತ್ತಿಗೆ 2012. ಆ ಪುಣ್ಯಾತ್ಮ ನಾಲ್ಕಕ್ಕೂ ಐದಕ್ಕೂ ನಡುವೆ ಕೂರುವಂಥ ಎಂಟನೆಯದೊಂದನ್ನು ಹೊರತಂದ. “ಹೀಗೆ ಮಾಡಿದ್ರೆ ಹೆಂಗಯ್ಯಾ? ಲೆಡ್ಜರ್ ಕ್ಲೋಸ್ ಮಾಡಿದ ಮೇಲೆ ನಡುವೆ ಎಂಟ್ರಿ ಹಾಕ್ತಾರಾ ಯಾರಾದ್ರೂ?” ಎಂದು ಅಲವತ್ತುಕೊಂಡರು. ಅಲವತ್ತುಕೊಳ್ಳುತ್ತಲೇ ಮೊದಲ ಸಂಪುಟ ಕೈಗೆತ್ತಿಕೊಂಡರು. 2017ರಲ್ಲಿ ಸಿನಿಮಾ ಬಂದಾಗಲೂ ಹೋಗಿ ಕೂತರು. ಇಡೀ ಗೋಪುರ ತೊಂಬತ್ತೈದು ನಿಮಿಷದಲ್ಲಿ ಮುಗಿದುಹೋಯಿತು. ಮಗ್ಗಿ ಕೇಳಿದ್ದಕ್ಕೆ ಹುಡುಗ ಒಂದ್ಲಾ ಒಂದು, ಹತ್ತ್ಲಾ ನೂರು ಎಂದು ಹೇಳಿ ಓಡಿದ ಹಾಗಿತ್ತು ಎಂದರು.

ಈಗ ಅವರ ಪ್ರಶ್ನೆಗೆ ಬರೋಣ. ಕಷ್ಟ ಇರುವುದು ಆ ಷರತ್ತಿನಲ್ಲಿ. ಕಥೆ ಹೇಳದೆ, ಕೊನೆ ಹೇಗಿದೆ ಎಂದು ಸೂಚಿಸದೆ, ಯೋಗ್ಯವೋ ಅಲ್ಲವೋ ಹೇಳಬೇಕು. ಹೆಣ್ಣಿನ ಕಡೆಯವರ ಬಗ್ಗೆ ಬೀಗರಾಗುವವರು ಬಂದು ವಿಚಾರಿಸುವಾಗಲೂ ಇಷ್ಟು ಎಚ್ಚರ ಬೇಕಾಗುವುದಿಲ್ಲ. ರಾಯರು ನಮ್ಮ ಬಾಯಿ ಕೇಳುವುದಿಲ್ಲ, ಮುಖ ಓದುತ್ತಾರೆ. ಒಮ್ಮೆ ಮಾತಿನ ನಡುವೆ ಓಯ್ ವಿಚಾರ ಬಂತು. ಓಯ್ ಎಂದರೆ ಆ ಪುಸ್ತಕದಲ್ಲಿ ಬರುವ, ನಾಯಿಯಂಥ, ಹುಡುಗನೊಬ್ಬನ ಹಿಂದೆಯೇ ಸುತ್ತುವ ಮುದ್ದು ಪ್ರಾಣಿ. ನಾನು ಕಾಫಿ ಲೋಟ ಎತ್ತಿಕೊಳ್ಳುತ್ತಾ ಮೈಮರೆತು “ಪಾಪ, ಓಯ್” ಎಂದುಬಿಟ್ಟೆ. ರಾಯರು ಲೋಟ ಕೆಳಗಿಟ್ಟರು. “ಪಾಪ ಅಂದೆಯಲ್ಲ, ಯಾಕೆ?” ನಾನು ತಡವರಿಸಿ, ಪಾಪ ಅಂದರೆ ಮುದ್ದಿನ ಪಾಪ, ಮಗು ಎಂಬ ಅರ್ಥದಲ್ಲಿ ಎಂದೆ. ನಂಬಲಿಲ್ಲ. ಎಂಟು ತಿಂಗಳು ಪುಸ್ತಕ ಮುಟ್ಟಲಿಲ್ಲ. ನಮ್ಮ ಮನೆ ಕಾಫಿಯನ್ನೂ ಮುಟ್ಟಲಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿಯಲ್ಲವೇ, ಅವರಿಗೆ ಈ ಓದು ಒಂದು ಕೆಟ್ಟ ಸಾಲದ ಖಾತೆ. “ಅಸಲು ಇಷ್ಟು ವರ್ಷ ಹಾಕಿದೀನಿ. ಬಡ್ಡಿ ಅಲ್ಲೊಂದು ಇಲ್ಲೊಂದು ಬಂದಿದೆ. ಈಗ ರೈಟ್ ಆಫ್ ಮಾಡೋದೋ, ಇನ್ನೊಂದಿಷ್ಟು ಕೊಟ್ಟು ಖಾತೆ ಜೀವಂತ ಇಡೋದೋ?” ಎನ್ನುತ್ತಾರೆ. ಸರ್ವಿಸಿನಲ್ಲಿದ್ದಾಗ ಇಂಥ ಖಾತೆಗಳನ್ನು ಅವರು ನಿಷ್ಠುರವಾಗಿ ಮುಚ್ಚಿದವರು ಎಂದು ಕೇಳಿದ್ದೇನೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲನೆಯದು ಮರಳುಗಾಡಿನಷ್ಟೇ ಒಣ. ಎರಡನೆಯದನ್ನು ಕೆಳಗಿಡಲು ಆಗುವುದಿಲ್ಲ. ರಾಯರು ಬೈಯುವ ಆ ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಐದು ಕುರೊಸಾವನ ‘ಸೆವೆನ್ ಸಮುರಾಯ್’ ದಾರಿಯಲ್ಲೇ ನಡೆದರೂ ನಡೆಯುತ್ತದೆ. ಆರನೆಯದು ನೀರು ಮಜ್ಜಿಗೆ. ಏಳು ಮತ್ತೆ ಗಟ್ಟಿ. ಖಂಡಿತ ಮುಗಿಸಬೇಕಾದ ಪುಸ್ತಕ. ಇದನ್ನು ಹೇಳಿದರೆ ರಾಯರು, “ಹಾಗಾದ್ರೆ ಏಳು ಚೆನ್ನಾಗಿದೆ ಅಂದ್ರೆ ರೋಲಂಡ್ ಗೋಪುರ ಮುಟ್ತಾನೆ ಅಂತಾಯ್ತು. ಹೇಳಿಬಿಟ್ಯಲ್ಲಯ್ಯಾ!” ಎಂದು ತಲೆ ಚಚ್ಚಿಕೊಳ್ಳುತ್ತಾರೆ.

ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಸಾಫ್ಟ್‌ವೇರ್ ಹುಡುಗ ಇದೇ ಜಾತಿಯ ಇನ್ನೊಂದು ತಳಿ. ಅವನದು ಜಾರ್ಜ್ ಆರ್. ಆರ್. ಮಾರ್ಟಿನ್. 1996ರಲ್ಲಿ ಮೂರು ಸಂಪುಟದ ಲೆಕ್ಕದಲ್ಲಿ ಶುರುವಾದ ಆ ಕಥೆ ಬೆಳೆದು ಏಳಾಯಿತು. ಐದನೆಯದು 2011ರಲ್ಲಿ ಬಂತು. ಅದರ ಮೇಲೆ ಕಟ್ಟಿದ ಟಿವಿ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ 2019ರಲ್ಲಿ ಮುಗಿದೇಹೋಯಿತು. ಆರನೆಯ ಸಂಪುಟಕ್ಕೆ ಹುಡುಗ ಇನ್ನೂ ಕಾಯುತ್ತಿದ್ದಾನೆ. ಸಂಜೆ ಟೆರೇಸಿನಲ್ಲಿ ಒಣಬಟ್ಟೆಗಳ ನಡುವೆ ನಿಂತು ಇಬ್ಬರೂ ಸುಖದುಃಖ ಮಾತಾಡಿಕೊಳ್ಳುತ್ತಾರೆ. ಮಾರ್ಟಿನ್ ಇವತ್ತಿಗೂ ಡಾಸ್ ಕಂಪ್ಯೂಟರಿನಲ್ಲಿ ವರ್ಡ್‌ಸ್ಟಾರ್ ಬಳಸಿ ಬರೆಯುತ್ತಾನೆಂದು ಹುಡುಗ ಹೇಳಿದಾಗ ರಾಯರ ಕಣ್ಣು ಅರಳಿತು. ಬ್ಯಾಂಕಿನಲ್ಲಿ ಅವರು ಕಲಿತದ್ದೂ ಅದನ್ನೇ. “ಅದರಲ್ಲಿ ಬರೆದದ್ದನ್ನ ಉಳಿಸಿ ಮುಗಿಸೋಕೆ ಕಂಟ್ರೋಲ್ ಕೆ ಡಿ ಒತ್ತಬೇಕಪ್ಪ. ಪಾಪ, ಆತನಿಗೆ ಮರೆತುಹೋಗಿರಬೇಕು.” ಹುಡುಗ ನಗಲಿಲ್ಲ. ರಾಯರು ಅವನ ಬೆನ್ನು ತಟ್ಟಿ, “ನೋಡು, ನಿನ್ನದಕ್ಕೆ ಕೊನೆಯೇ ಇಲ್ಲ. ನನ್ನದಕ್ಕೆ ಇದೆ, ಓದಿಲ್ಲ ಅಷ್ಟೆ,” ಎಂದು ಸಮಾಧಾನ ಹೇಳಿದರಂತೆ.

ರಾಬರ್ಟ್ ಜೋರ್ಡಾನ್ ಎಂಬಾತ ‘ವೀಲ್ ಆಫ್ ಟೈಮ್’ ಮುಗಿಸದೆ 2007ರಲ್ಲಿ ತೀರಿಕೊಂಡ, ಉಳಿದದ್ದನ್ನು ಅವನ ಟಿಪ್ಪಣಿ ನೋಡಿ ಬ್ರಾಂಡನ್ ಸ್ಯಾಂಡರ್ಸನ್ ಮೂರು ಸಂಪುಟವಾಗಿ ಬರೆದು 2013ಕ್ಕೆ ಮುಗಿಸಿದ. ಇದನ್ನೂ ಹುಡುಗನೇ ಹೇಳಿದ್ದು. ರಾಯರು ಮಾರನೆಯ ದಿನ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

“ನಮ್ಮ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಯಾರಾದ್ರೂ ಒಂದು ಮಾತು ಅಂದ್ರಾ?”

“ಉಳಿದ ಪರ್ವಗಳನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದನಲ್ಲ ರಾಯರೇ.”

“ಮುಗಿಸಿದ. ನೀನು ಓದಿದೀಯಾ?”

ನಾನು ಸುಮ್ಮನಾದೆ. ಓದಿಲ್ಲ.

“ಮತ್ತೆ! ಮುಗಿಸಲೇಬೇಕು ಅಂತ ಎಲ್ಲಿದೆ?” ಎಂದು ಗೆದ್ದ ಖುಷಿಯಲ್ಲಿ ಎದ್ದರು. ಗೇಟಿನ ತನಕ ಹೋಗಿ ತಿರುಗಿ ಬಂದರು. “ಅಲ್ಲ, ಆದ್ರೂ, ಮುಗಿಸಬಹುದಾ?”

ಅವರ ಮನೆಯಲ್ಲಿ ಈ ಪುಸ್ತಕಗಳಿಗೆ ‘ಸವತಿ’ ಎಂದು ಹೆಸರು. ಇವರು ಗೋಪುರ ಮುಟ್ಟುವಷ್ಟರಲ್ಲಿ ನಾಲ್ಕು ಧಾಮ ಮುಗಿಸಿ ಬರಬಹುದಿತ್ತು ಎಂದು ಆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳುತ್ತಾರೆ. ನೀನು ದಿನಾ ಸಂಜೆ ನೋಡುವ ಧಾರಾವಾಹಿಗೆ ಕೊನೆ ಇದೆಯಾ ಎಂದು ರಾಯರು ಒಳಗಿನಿಂದ ಕೂಗಿದರೆ, “ಇಲ್ಲ. ಅದಕ್ಕೇ ನಾನು ಊರವರನ್ನೆಲ್ಲ ಕೇಳ್ಕೊಂಡು ತಿರುಗಲ್ಲ,” ಎಂದು ಸೌಟು ಕೆಳಗಿಡುತ್ತಾರೆ.

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ರಾಯರ ದನಿ ನಡುಗುತ್ತಿತ್ತು. ಏನು ಕೆಟ್ಟ ಸುದ್ದಿಯೋ ಎಂದು ನಾನು ಎದ್ದು ಕೂತೆ.

“ಏಳನೇದರ ತುದಿಗೆ ಬಂದಿದೀನಿ ಕಣಯ್ಯ. ಇನ್ನು ಕೆಲವೇ ಪುಟ. ಇಲ್ಲಿ ಕಿಂಗ್ ಕಥೆ ನಿಲ್ಲಿಸಿ ನನ್ನ ಹತ್ರಾನೇ ಮಾತಾಡ್ತಿದಾನೆ! ಬೇಕಾದ್ರೆ ಇಲ್ಲಿಗೇ ಪುಸ್ತಕ ಮುಚ್ಚಿಬಿಡು, ಮುಂದೆ ಓದಿ ಆಮೇಲೆ ನನ್ನನ್ನ ಅನ್ನಬೇಡ ಅನ್ನೋ ಅರ್ಥದಲ್ಲಿ ಬರೆದಿದಾನೆ. ಬರೆದವನೇ ಬೇಡ ಅಂತಾನಲ್ಲ, ಈಗ ನಾನೇನು ಮಾಡ್ಲಿ?”

ಅದು ನಿಜ. ಕೊನೆಯ ಅಧ್ಯಾಯದ ಬಾಗಿಲಲ್ಲಿ ಕಿಂಗ್ ಹಾಗೆ ಓದುಗರನ್ನು ತಡೆದು ನಿಲ್ಲಿಸುತ್ತಾನೆ. ನಾನು ಓದಿದಾಗ ಆ ಎಚ್ಚರಿಕೆಯನ್ನು ಲೆಕ್ಕಕ್ಕೇ ಇಡದೆ ನುಗ್ಗಿದ್ದೆ. ಆದರೆ ರಾಯರಿಗೆ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಒಬ್ಬರು ಷರತ್ತಿನ ಪ್ರಕಾರ, ಕಥೆ ಹೇಳದೆ, ಉತ್ತರ ಕೊಟ್ಟಿದ್ದರು. ಅದೂ ಬರೆದವನೇ. “ನುಗ್ಗಿ ರಾಯರೇ, ನಾನಿದ್ದೇನೆ” ಎಂದೆ. ಆಚೆಯಿಂದ ಪುಟ ಮಗುಚಿದ ಸದ್ದೇನೂ ಬರಲಿಲ್ಲ. ಫೋನ್ ಇಟ್ಟರು.

ಬೆಳಿಗ್ಗೆ ಅವರ ಮನೆಗೆ ಹೋದೆ. ಏಳನೆಯ ಸಂಪುಟ ಮೇಜಿನ ಮೇಲೆ ಮುಚ್ಚಿತ್ತು, ಆ ಚಲನ್ ಕೊನೆಯ ಕೆಲವು ಪುಟಗಳ ಹಿಂದೆ ಇಣುಕುತ್ತಿತ್ತು. ರಾಯರು ಜಗಲಿಯಲ್ಲಿ ಕನ್ನಡಕ ಏರಿಸಿ ಕೂತಿದ್ದರು, ಕೈಯಲ್ಲಿ ಬೆನ್ನು ಕಿತ್ತ ಮೊದಲ ಸಂಪುಟ. ರೋಲಂಡ್ ಮತ್ತೆ ಮರಳುಗಾಡಿನಲ್ಲಿ ನಡೆಯತೊಡಗಿದ್ದ.

“ಎಚ್ಚರಿಕೆ ಕೊಟ್ಟಿದಾನೆ ಅಂದ ಮೇಲೆ ಸುಮ್ನೆ ಓದಬಾರದು. ಮೊದಲಿಂದ ಒಂದು ಸಲ ಎಲ್ಲ ನೆನಪು ಮಾಡ್ಕೊಂಡು, ಆಮೇಲೆ ಆ ಬಾಗಿಲು ತೆಗೀತೀನಿ,” ಎಂದರು.

ಆ ಕೊನೆಯ ಪುಟಗಳನ್ನು ಓದಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಾನು ಅಲ್ಲಿ ಯಾಕೆ ಕೆಮ್ಮಿನ ನೆಪ ಮಾಡಿ ಹೊರಗೆ ಬಂದೆ ಎಂದು ನಿಮಗೆ ಗೊತ್ತಾಗುತ್ತದೆ. ದಯವಿಟ್ಟು ರಾಯರಿಗೆ ಮಾತ್ರ ಹೇಳಬೇಡಿ.